ಸತ್ತರೆ ಕೆಂಪು ಗುಂಡಿ ಒತ್ತಿ

ನನ್ನ ಸೋದರಳಿಯ ಒಂದೇ ಮಧ್ಯಾಹ್ನ ಹನ್ನೊಂದು ಸಲ ಸತ್ತ. ಹನ್ನೊಂದೂ ಸಲ ಎದ್ದು ಬಂದ. ಕೊನೆಯ ಸಾವಿನ ನಂತರ ಪಕ್ಕದ ಬೇಕರಿಯಲ್ಲಿ ಎರಡು ಎಗ್ ಪಫ್ ತಿಂದ.

ಇದೆಲ್ಲ ನಡೆದದ್ದು ಡ್ರೈವಿಂಗ್ ಸ್ಕೂಲಿನ ಸಿಮ್ಯುಲೇಟರ್ ರೂಮಿನಲ್ಲಿ. ಎಸಿ ಇದೆ. ಎದುರಿಗೆ ಮೂರು ಟಿವಿ, ಒಂದು ಸೀಟು, ಸ್ಟೇರಿಂಗು, ಗೇರು, ಕೆಳಗೆ ಕ್ಲಚ್, ಬ್ರೇಕು, ಆಕ್ಸಿಲರೇಟರ್. ಮೇಲೆ ಹಾರ ಹಾಕಿದ ಗಣಪತಿ. ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಅಂತ ಬೋರ್ಡು. ಕಾರ್ಪೆಟ್ ಕೊಳೆಯಾಗಬಾರದು, ಅಲ್ವಾ? ಹಾಗಾಗಿ ನಮ್ಮ ಹುಡುಗ ಬ್ರೇಕು ಒತ್ತುವುದನ್ನು ಬರಿಗಾಲಲ್ಲಿ, ಭಕ್ತಿಯಿಂದ ಕಲಿತ.

‘ಗುದ್ದಿದ್ರೆ ಹೆದರಬೇಡಿ. ಆ ಕೆಂಪು ಗುಂಡಿ ಒತ್ತಿ, ಮೊದಲಿಂದ ಶುರುವಾಗುತ್ತೆ’ ಅಂದರು ಮೇಷ್ಟ್ರು. ಇಷ್ಟು ಹೇಳಿ ಫೋನ್ ಹಿಡಿದು ಹೊರಗೆ ಹೋದರು.

ಟಿವಿಯೊಳಗಿನ ರಸ್ತೆ ಯಾವ ದೇಶದ್ದೋ ಗೊತ್ತಿಲ್ಲ. ಒಂದು ಗುಂಡಿ ಇಲ್ಲ, ಬಣ್ಣ ಬಳಿಯದ ಹಂಪ್ ಇಲ್ಲ. ಹಸುವೊಂದು ಬಂತು. ಅದೂ ಜೀಬ್ರಾ ಪಟ್ಟಿಯ ಮೇಲೇ ದಾಟಿತು. ನಮ್ಮ ಕಡೆಯ ಹಸು ರಸ್ತೆ ದಾಟುವುದಿಲ್ಲ. ನಡುವೆ ಮಲಗಿ ಮೆಲುಕು ಹಾಕುತ್ತೆ. ಬ್ರೇಕು ಫೇಲ್ ಆಗುವ ಮೊದಲು ಪರದೆ ಮೇಲೆ ಕೆಂಪು ಅಕ್ಷರದಲ್ಲಿ ‘ಬ್ರೇಕ್ ಫೇಲ್’ ಅಂತ ಬಂದು ಕೀಂ ಕೀಂ ಅನ್ನುತ್ತೆ. ನೆಂಟರು ಬರುವ ಮೊದಲು ಫೋನ್ ಮಾಡಿ ಹೇಳಿದ ಹಾಗೆ.

ಇದು ಒಬ್ಬ ಮೇಷ್ಟ್ರ ತಮಾಷೆ ಅಂದುಕೊಳ್ಳಬೇಡಿ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ ತೆರೆಯಬೇಕಾದರೆ ಸಿಮ್ಯುಲೇಟರ್ ಇರಲೇಬೇಕು ಅಂತ ಕೇಂದ್ರ ಸರ್ಕಾರದ ನಿಯಮವಿದೆ. 2021ರ ಜುಲೈ 1ರಿಂದ ಜಾರಿಯಲ್ಲಿದೆ. ಕಾರು ಕಲಿಯುವವರಿಗೆ 29 ಗಂಟೆ, ಅದರಲ್ಲಿ 8 ಗಂಟೆ ಪಾಠ, ಉಳಿದ 21 ಗಂಟೆ ಅಭ್ಯಾಸ. ನಾಲ್ಕು ವಾರದೊಳಗೆ ಮುಗಿಸಿ ಪಾಸಾದರೆ ಆರ್‌ಟಿಓ ಎದುರು ಗಾಡಿ ಓಡಿಸಿ ತೋರಿಸಬೇಕಾಗಿಲ್ಲ. ಎಂಟು ಹಾಕುವ ಕಷ್ಟವೂ ತಪ್ಪಿತು. (ಆ ಎಂಟನ್ನು ನಾನು ತುಂಬಾ ಬೈದಿದ್ದೇನೆ. ರಸ್ತೆಯಲ್ಲಿ ಯಾರು ಎಂಟು ಬರೀತಾರೆ ಅಂತ. ಈಗ ಗುಂಡಿ ತಪ್ಪಿಸುತ್ತಾ ದಿನಾ ಆಫೀಸಿಗೆ ಹೋಗುವಾಗ ಎಂಟು, ಒಂಬತ್ತು, ಕೆಲವು ಸಲ ಒತ್ತಕ್ಷರವೂ ಬರುತ್ತೆ. ಆರ್‌ಟಿಓದವರಿಗೆ ದೂರದೃಷ್ಟಿ ಇತ್ತು.)

‘ಪೈಲಟ್‌ಗಳೂ ಇದರಲ್ಲೇ ಸಾರ್ ಕಲಿಯೋದು’ ಅಂದರು ಮೇಷ್ಟ್ರು. ನಿಜ. ಆದರೆ ಪೈಲಟ್ ಆರಾರು ತಿಂಗಳಿಗೆ ಮತ್ತೆ ಅದೇ ಕುರ್ಚಿಯಲ್ಲಿ ಕೂತು ಬೆವರಬೇಕು. ನಮ್ಮಲ್ಲಿ 18ಕ್ಕೆ ಡಿಎಲ್ ತೆಗೆದರೆ 40ರವರೆಗೆ ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಫೋಟೋದಲ್ಲಿರುವವನು ಬೇರೆ ಯಾರೋ ಅನ್ನಿಸುತ್ತೆ.

ಪೈಲಟ್‌ಗಳ ಮಾತು ಬಂತಲ್ಲ, 2009ರ ಜನವರಿ 15 ನೆನಪಿಸಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಹಕ್ಕಿ ಬಡಿದು ವಿಮಾನದ ಎರಡೂ ಎಂಜಿನ್ ಕೈಕೊಟ್ಟವು. ಕ್ಯಾಪ್ಟನ್ ಸಲೆನ್‌ಬರ್ಗರ್ ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಬದುಕಿದರು. ಆಮೇಲೆ ತನಿಖೆಯವರು ಬೇರೆ ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿದರು. ಹಕ್ಕಿ ಬಡಿದ ಕೂಡಲೇ ತಿರುಗಿಸಿದ ಕೆಲವರು ಹತ್ತಿರದ ಏರ್‌ಪೋರ್ಟಿಗೆ ಸಲೀಸಾಗಿ ತಲುಪಿದರು. ನದಿಗೆ ಹೋಗುವ ಅಗತ್ಯವೇ ಇರಲಿಲ್ಲವಲ್ಲ! ಸರಿ, ಮನುಷ್ಯನಿಗೆ ಏನಾಯಿತು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಡವೇ ಅಂತ 35 ಸೆಕೆಂಡು ತಡ ಮಾಡಿ ತಿರುಗಿಸಿ ನೋಡಿದರು. ವಿಮಾನ ರನ್‌ವೇ ಮುಟ್ಟಲಿಲ್ಲ.

ಆ 35 ಸೆಕೆಂಡಿಗೆ ಕನ್ನಡದಲ್ಲಿ ‘ಅಯ್ಯೋ’ ಅನ್ನುತ್ತಾರೆ. ಸಿಮ್ಯುಲೇಟರ್‌ನಲ್ಲಿ ಅಯ್ಯೋ ಇರುವುದಿಲ್ಲ. ನಮ್ಮ ಮನೆಯ ಕಾರಿನಲ್ಲಿ ಅದು ಇನ್ನೂ ಜಾಸ್ತಿ. ‘ನಾನು ಆಗಲೇ ಹೇಳಿದೆ’ ಅನ್ನುವುದಕ್ಕೇ ಹತ್ತು ಸೆಕೆಂಡು ಬೇಕು.

ಅಳಿಯ ಡಿಎಲ್ ತೆಗೆದ ಮರುತಿಂಗಳೇ ನಮ್ಮನ್ನೆಲ್ಲ ತುಂಬಿಕೊಂಡು ಉಡುಪಿಗೆ ಹೊರಟ. ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ‘ನ್ಯೂಟ್ರಲ್ ಮಾಡೋ, ಪೆಟ್ರೋಲ್ ಉಳಿಯುತ್ತೆ’ ಅಂದರು ಹಿಂದೆ ಕೂತ ಭಾವ. ಹುಡುಗ ತಂದೆಯ ಮಾತು ಮೀರುವವನಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದ. ಐದನೇ ತಿರುವಿಗೆ ಸುಟ್ಟ ವಾಸನೆ. ಯಾರೋ ಟಯರ್ ಸುಡುತ್ತಿದ್ದಾರೆ ಅಂದುಕೊಂಡೆವು. ಏಳನೆಯದಕ್ಕೆ ಅವನು ಮೆಲ್ಲಗೆ ಅಂದ, ‘ಮಾವ, ಬ್ರೇಕ್ ಹಿಡೀತಿಲ್ಲ.’

ಕೆಂಪು ಅಕ್ಷರ ಬರಲಿಲ್ಲ. ಕೀಂ ಕೀಂ ಅನ್ನಲಿಲ್ಲ. ಅವನ ಎಡಗೈ ಡ್ಯಾಶ್‌ಬೋರ್ಡ್ ಮೇಲೆ ತಡಕಾಡಿತು. ಅಲ್ಲಿ ನಿಜವಾಗಿಯೂ ಒಂದು ಕೆಂಪು ಗುಂಡಿ ಇತ್ತು! ಒತ್ತಿದ. ನಾಲ್ಕೂ ಇಂಡಿಕೇಟರ್ ಮಿಣುಕತೊಡಗಿದವು. ಕಾರು ಮಾತ್ರ ಇಳಿಯುತ್ತಲೇ ಇತ್ತು.

‘ಎರಡನೇ ಗೇರಿಗೆ ಹಾಕೋ!’ ಅಂತ ಕೂಗಿದ್ದು ನಮ್ಮಕ್ಕ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವಳಲ್ಲ. ಈ ಘಾಟಿಯ ಮಿನಿ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಹಿಡಿದು ವರ್ಷಗಟ್ಟಲೆ ತವರಿಗೆ ಓಡಾಡಿದವಳು. ‘ಬಸ್ಸಿನವನು ಇಲ್ಲಿ ಇಳಿಸ್ತಾನೆ, ಇಳಿಸೋ!’ ಎಂಜಿನ್ ಕಿರುಚಿತು. ಕಾರು ಮುಗ್ಗರಿಸಿ ವೇಗ ಇಳಿಸಿತು. ಗುಡ್ಡದ ಬದಿಯ ಚರಂಡಿಗೆ ಎಡಚಕ್ರ ಇಳಿದು ನಿಂತಿತು. ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದಳು. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು ತಂದು ಟಯರಿಗೆ ಕೊಟ್ಟಳು. ಭಾವ ‘ನಾನು ಆಗಲೇ ಹೇಳಿದೆ’ ಅಂದರು. ಏನು ಹೇಳಿದ್ದರು ಅಂತ ಯಾರೂ ಕೇಳಲಿಲ್ಲ.

ಅಳಿಯ ಇನ್ನೂ ಸ್ಟೇರಿಂಗ್ ಬಿಟ್ಟಿರಲಿಲ್ಲ.

‘ಅಮ್ಮ, ಈಗ ಮೊದಲಿಂದ ಶುರು ಮಾಡ್ಬೇಕಾ?’

‘ಮೊದಲು ಅಂದ್ರೆ ಆಗುಂಬೆ ಕಣೋ, ಮೇಲಿದೆ’ ಅಂದಳು ಅಕ್ಕ. ‘ಹತ್ಕೊಂಡು ಹೋಗು. ನಾವು ಬಸ್ಸಿಗೆ ಬರ್ತೀವಿ.’