ನೀರು ಕುಡಿಯೋಕೂ ಹೆದರಬೇಕಾ?

ಬುಧವಾರ ನಮ್ಮ ಫ್ಯಾಕ್ಟರಿಯ ಹೊಲಿಗೆ ಲೈನಿನಲ್ಲಿ ಒಬ್ಬ ಹುಡುಗಿಗೆ ಆದದ್ದು ಇನ್ನೂ ಹೊಟ್ಟೆಯಲ್ಲಿ ಕುದಿಯುತ್ತಿದೆ. ಆ ಹುಡುಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡಿ ಅಕ್ಕ, ಮಿಕ್ಕಿದ್ದೆಲ್ಲ ಬರೀರಿ" ಅಂದಳು.

ನಾನು ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ನನ್ನ ಮುಂದಿನ ಮಷಿನ್‌ನಲ್ಲಿ ಈ ಹುಡುಗಿ ಕೂರುತ್ತಾಳೆ. ರಾಮನಗರದಿಂದ ದಿನಾ ರೈಲಿನಲ್ಲಿ ಬರುತ್ತಾಳೆ. ಮದುವೆಯಾಗಿ ಒಂದು ವರ್ಷ ಆಗಿದೆ ಅಷ್ಟೆ.

ನಮ್ಮಲ್ಲಿ ಟಾಯ್ಲೆಟ್‌ಗೆ ಹೋಗಬೇಕು ಅಂದರೆ ಟೋಕನ್ ಬೇಕು. ಐವತ್ತು ಜನರ ಲೈನಿಗೆ ಇರುವುದು ಎರಡು ಟೋಕನ್. ಕೆಂಪು ಪ್ಲಾಸ್ಟಿಕ್ಕಿನ ಬಿಲ್ಲೆಗೆ ದಾರ ಕಟ್ಟಿದ್ದಾರೆ. ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು. ಹೋದ ಟೈಮು, ಬಂದ ಟೈಮು ಸೂಪರ್‌ವೈಸರ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

ಬುಧವಾರ ಹನ್ನೊಂದೂವರೆಗೆ ಅವಳು ಎದ್ದು ಹೋಗಿ ಟೋಕನ್ ಕೇಳಿದಳು. ಎರಡೂ ಟೋಕನ್ ಅವರ ಟೇಬಲ್ ಮೇಲೇ ಇದ್ದವು. "ಬೆಳಿಗ್ಗೆ ಒಂದ್ಸಲ ಹೋಗಿ ಬಂದ್ಯಲ್ಲಮ್ಮ, ಮತ್ತೆ ಏನು? ನಿಂದೇ ಪೀಸ್ ಬ್ಯಾಲೆನ್ಸ್ ಇರೋದು. ಊಟದ ಬೆಲ್ ಆಗ್ಲಿ" ಅಂದರು. ಮೆಲ್ಲಗೆ ಅಲ್ಲ, ಇಸ್ತ್ರಿ ಟೇಬಲ್ ಹತ್ತಿರ ನಿಂತಿದ್ದ ಹುಡುಗರಿಗೂ ಕೇಳುವ ಹಾಗೆ. ಅವಳು ತಲೆ ತಗ್ಗಿಸಿಕೊಂಡು ಬಂದು ಕೂತಳು.

ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಹೊಲಿಯುತ್ತಾಳೆ, ನಿಲ್ಲಿಸುತ್ತಾಳೆ, ಮುಂದಕ್ಕೆ ಬಾಗುತ್ತಾಳೆ. ಕಾಲು ಜೋಡಿಸಿ ಹಿಡಿದುಕೊಂಡು ಪೆಡಲ್ ತುಳಿಯೋಕೆ ಆಗುತ್ತಾ? ಇಪ್ಪತ್ತು ನಿಮಿಷ ಹಾಗೇ ಕಳೆಯಿತು. ಆಮೇಲೆ ಮಷಿನ್ ನಿಂತೇ ಹೋಯಿತು. ಬಗ್ಗಿ ನೋಡಿದರೆ ಸ್ಟೂಲು ಒದ್ದೆ, ಕೆಳಗೆ ನೆಲ ಒದ್ದೆ. ಅವಳು ಮುಖ ಮುಚ್ಚಿಕೊಂಡು ಕೂತಿದ್ದಾಳೆ, ಏಳುತ್ತಿಲ್ಲ. ನನ್ನ ವೇಲ್ ತೆಗೆದು ಅವಳ ಸೊಂಟಕ್ಕೆ ಕಟ್ಟಿ ಹೊರಗೆ ಕರೆದುಕೊಂಡು ಹೋದೆ. ಆಗ ನಮ್ಮನ್ನು ಯಾರೂ ಟೋಕನ್ ಕೇಳಲಿಲ್ಲ.

ಮಧ್ಯಾಹ್ನ ಮನೆಗೆ ಹೋದವಳು ಮಾರನೇ ದಿನ ಬರಲಿಲ್ಲ. ಒಂದೂವರೆ ದಿನದ ಸಂಬಳ ಕಟ್.

ಇಷ್ಟೆಲ್ಲ ಯಾತಕ್ಕೆ ಗೊತ್ತಾ? ನಮ್ಮ ಲೈನಿನ ಟಾರ್ಗೆಟ್ ಗಂಟೆಗೆ 90 ಪೀಸ್. ಟಾಯ್ಲೆಟ್ ಇರುವುದು ಫ್ಲೋರಿನ ಆ ತುದಿಯಲ್ಲಿ. ಹೋಗಿ ಬರೋಕೆ ನಾಲ್ಕು ನಿಮಿಷ. ಅಂದರೆ ಆರು ಶರ್ಟು. ಆರು ಶರ್ಟಿಗೋಸ್ಕರ ಒಂದು ಹೆಣ್ಣುಮಗಳು ಇಡೀ ಫ್ಲೋರಿನ ಮುಂದೆ ಅಳಬೇಕಾಯಿತು. ಸೂಪರ್‌ವೈಸರ್‌ಗೂ ಮೇಲಿನಿಂದ ಬೈಗುಳ ಬೀಳುತ್ತದೆ, ಗೊತ್ತು. ಬೋರ್ಡಿನಲ್ಲಿ ಗಂಟೆಗಂಟೆಗೂ ಬರೆಯುವ ನಂಬರ್ ಕಡಿಮೆಯಾದರೆ ಪ್ರೊಡಕ್ಷನ್ ಮ್ಯಾನೇಜರ್ ಅವರನ್ನೂ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಾರೆ. ಹಾಗಂತ ಆ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳಬಹುದಾ? ಅವರ ಮನೆಯಲ್ಲೂ ಹೆಣ್ಣುಮಕ್ಕಳು ಇದ್ದಾರೆ ಅಲ್ವಾ?

ಟೋಕನ್ ಕೇಳೋಕೆ ಹೆದರಿ ನಾವೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ. ಬೆಳಿಗ್ಗೆ ಅರ್ಧ ಲೋಟ ಟೀ ಕುಡಿದು ಮನೆ ಬಿಟ್ಟರೆ ಮಧ್ಯಾಹ್ನ ಊಟದವರೆಗೂ ಒಂದು ಗುಟುಕು ನೀರಿಲ್ಲ. ಏಪ್ರಿಲ್ ತಿಂಗಳಲ್ಲೂ ಅಷ್ಟೇ. ತಗಡಿನ ಚಾವಣಿ, ಬಟ್ಟೆಯ ಧೂಳು, ಮೇಲೆ ಬಿಸಿಗಾಳಿ ಬೀಸುವ ಫ್ಯಾನು. ಮನೆಯಿಂದ ತಂದ ಬಾಟಲಿ ಸಂಜೆ ಹಾಗೇ ತುಂಬಿಕೊಂಡು ಮನೆಗೆ ವಾಪಸ್ ಹೋಗುತ್ತದೆ. ಒಂದು ದಿನ ನನ್ನ ಮಗಳು "ಅಮ್ಮ, ನೀರು ಕುಡಿಯೋದೇ ಇಲ್ಲ ಅಂದ್ರೆ ದಿನಾ ಯಾಕೆ ತಗೊಂಡು ಹೋಗ್ತೀಯ?" ಅಂದಳು. ಏನು ಹೇಳಲಿ ಅವಳಿಗೆ?

ಕಳೆದ ವರ್ಷ ಎರಡು ಸಲ ನನಗೆ ಉರಿಮೂತ್ರ ಆಗಿ ಜ್ವರ ಬಂತು. ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಡಾಕ್ಟರ್ ಮೇಡಂ "ಗಾರ್ಮೆಂಟ್ಸಾ?" ಅಂತ ಮೊದಲೇ ಕೇಳಿದರು. ನಾನಿನ್ನೂ ಏನೂ ಹೇಳಿರಲಿಲ್ಲ. ಚೆನ್ನಾಗಿ ನೀರು ಕುಡೀರಿ, ತಡೆದುಕೊಳ್ಳಬೇಡಿ, ಕಿಡ್ನಿಗೆ ಹೋದರೆ ಕಷ್ಟ ಅಂದರು. ಮಾತ್ರೆ ಕೊಟ್ಟರು. ಐದು ದಿನದ ಮಾತ್ರೆ ನುಂಗಿ ಮತ್ತೆ ಅದೇ ಸ್ಟೂಲಿಗೆ ಬಂದು ಕೂತೆ.

ನಾವು ಹೊಲಿದ ಬಟ್ಟೆ ಕೊಳ್ಳುವ ಬಯ್ಯರ್ ಕಡೆಯವರು ಆಡಿಟ್‌ಗೆ, ಅಂದರೆ ಫ್ಯಾಕ್ಟರಿ ತಪಾಸಣೆಗೆ ಬರುವ ದಿನ ನೋಡಬೇಕು ನೀವು. ಹಿಂದಿನ ದಿನವೇ ಟೋಕನ್‌ಗಳು ಡ್ರಾಯರ್ ಒಳಗೆ ಹೋಗುತ್ತವೆ. ಟಾಯ್ಲೆಟ್‌ನಲ್ಲಿ ಸೋಪು, ಹೊಸ ಬಕೆಟ್, ಫಿನಾಯಿಲ್ ವಾಸನೆ. ಮುರಿದಿದ್ದ ಚಿಲಕಕ್ಕೆ ಹೊಸ ಸ್ಕ್ರೂ ಬೀಳುತ್ತದೆ. "ಯಾರಾದ್ರೂ ಕೇಳಿದ್ರೆ ಯಾವಾಗ ಬೇಕಾದ್ರೂ ಹೋಗ್ತೀವಿ ಅನ್ನಿ" ಅಂತ ಎಚ್‌ಆರ್‌ನವರು ಲೈನಿಗೆಲ್ಲ ಹೇಳಿಕೊಡುತ್ತಾರೆ. ನಾವೂ ಹಾಗೇ ಹೇಳುತ್ತೇವೆ, ಕೆಲಸ ಹೋಗುವ ಭಯಕ್ಕೆ. ಈ ಮಾತು ಬರೆಯುವಾಗಲೇ ನನಗೆ ನನ್ನ ಮೇಲೆ ಸಿಟ್ಟು ಬರುತ್ತಿದೆ. ಮಾರನೇ ದಿನ ಕೆಂಪು ಬಿಲ್ಲೆ ವಾಪಸ್ ಬರುತ್ತದೆ. ಆಡಿಟ್ ದಿನ ಸಾಧ್ಯವಾದದ್ದು ಮಿಕ್ಕ ದಿನ ಯಾಕೆ ಸಾಧ್ಯವಿಲ್ಲ?

ಕಾನೂನು ಇಲ್ಲ ಅಂತ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ 19ನೇ ಸೆಕ್ಷನ್‌ನಲ್ಲೇ ಬರೆದಿದ್ದರು, ಕೆಲಸಗಾರರು ಫ್ಯಾಕ್ಟರಿಯಲ್ಲಿ ಇರುವಷ್ಟು ಹೊತ್ತೂ, ಯಾವ ಸಮಯದಲ್ಲಾದರೂ ಶೌಚಾಲಯ ಬಳಸುವ ಹಾಗೆ ಇರಬೇಕು ಅಂತ. ಅದರ ಹಿಂದಿನ ಸೆಕ್ಷನ್ ಕುಡಿಯುವ ನೀರಿನದು. ನಮ್ಮ ಅಜ್ಜಿ ಕಾಲದಲ್ಲಿ ಬರೆದ ಮಾತು ಇವತ್ತಿಗೂ ನಮ್ಮ ಫ್ಲೋರಿಗೆ ಬಂದಿಲ್ಲ. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಅಂತ ಘೋಷಿಸಿದಾಗ ತುಂಬಾ ಖುಷಿಪಟ್ಟೆ. ಆದರೆ ಮುಟ್ಟು ಒಂದೇ ದಿನಕ್ಕೆ ಮುಗಿಯುತ್ತಾ? ಮಿಕ್ಕ ದಿನ ಪ್ಯಾಡ್ ಬದಲಾಯಿಸೋಕೆ ಅದೇ ಟೋಕನ್, ಅದೇ ನೋಟ್‌ಬುಕ್ಕು, ಅದೇ "ಮತ್ತೆ ಏನು?"

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬದಲಾಯಿಸಿದಾಗ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ಬೀದಿಗೆ ಬಂದೆವು. ಆಗ ನಾನು ಬೊಮ್ಮನಹಳ್ಳಿ ಕಡೆ ಕೆಲಸದಲ್ಲಿದ್ದೆ. ಹೊಸೂರು ರಸ್ತೆಯಲ್ಲಿ ಕೂತವರಲ್ಲಿ ನಾನೂ ಒಬ್ಬಳು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ದುಡ್ಡಿನ ವಿಷಯ ಬಾಯಿಬಿಟ್ಟು ಕೇಳಬಹುದು. ಉಚ್ಚೆಯ ವಿಷಯ ಹೇಗೆ ಕೇಳುವುದು ಅಂತ ನಾವೇ ನಾಚಿಕೊಂಡು ಕೂತಿದ್ದೇವೆ. ಆ ನಾಚಿಕೆಯಿಂದಲೇ ಅವರ ಟೋಕನ್ ನಡೆಯುತ್ತಿರುವುದು. ಬುಧವಾರ ನಾಚಿಕೆ ಪಡಬೇಕಾದವಳು ಆ ಹುಡುಗಿಯಾ?

ನಿನ್ನೆ ಊಟದ ಹೊತ್ತಿನಲ್ಲಿ ಒಂದು ಅರ್ಜಿ ಬರೆದೆವು. ಟೋಕನ್ ತೆಗೆಯಬೇಕು, ಟೈಮ್ ಬರೆಯುವುದು ನಿಲ್ಲಬೇಕು, ಅವಳಿಗೆ ಕಟ್ ಮಾಡಿದ ಸಂಬಳ ಕೊಡಬೇಕು. ಮೂರೇ ಮಾತು. ಇಲ್ಲಿವರೆಗೆ ಹದಿನಾಲ್ಕು ಜನ ಸಹಿ ಹಾಕಿದ್ದಾರೆ. ಅವಳು ಶುಕ್ರವಾರ ಕೆಲಸಕ್ಕೆ ಬಂದಳು, ಮೊದಲನೇ ಸಹಿ ಅವಳದೇ. ಸೋಮವಾರ ಎಚ್‌ಆರ್ ಕೈಗೆ ಕೊಡುತ್ತೇವೆ. ನಿಮ್ಮ ಫ್ಯಾಕ್ಟರಿಯಲ್ಲೂ ಹೀಗೇ ಇದ್ದರೆ ಹೇಳಿ, ಅರ್ಜಿ ಹೇಗೆ ಬರೆದೆವು ಅಂತ ಕಳಿಸುತ್ತೇನೆ.