ಸಮಸ್ಯೆ ಕಾಲಂನಲ್ಲಿ 'ನಿಲ್' ಅಂತ ಬರೆಯಬೇಕಂತೆ

ಇವತ್ತು ಮಧ್ಯಾಹ್ನ ಲ್ಯಾಬ್ ಮುಗಿಸಿ ಬರುತ್ತಿದ್ದ ಹಾಗೆ ನಮ್ಮ ಕ್ಲಾಸಿನವರನ್ನೆಲ್ಲ ಸ್ಟಾಫ್ ರೂಮಿನ ಮುಂದೆ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ಕೈಗೂ ಒಂದೊಂದು ನೀಲಿ ರಟ್ಟಿನ ಪುಸ್ತಕ. ಮೇಲೆ 'ಮೆಂಟರ್ ಪುಸ್ತಕ' ಅಂತ ಅಚ್ಚಾಗಿದೆ. ಮೆಂಟರ್ ಅಂದರೆ ವಿದ್ಯಾರ್ಥಿಗೆ ದಾರಿ ತೋರಿಸಲು ಅಂತ ಗೊತ್ತುಮಾಡಿದ ಉಪನ್ಯಾಸಕರು. ಮೊದಲ ಪುಟದಲ್ಲಿ ನನ್ನ ಹೆಸರು, ರಿಜಿಸ್ಟರ್ ನಂಬರ್, ಅಪ್ಪನ ಕೆಲಸ. ಆಮೇಲೆ ಆರು ಸೆಮಿಸ್ಟರ್‌ಗೆ ಆರು ಪುಟ, ಪುಟಕ್ಕೆ ಮೂರು ಭೇಟಿ. ದಿನಾಂಕ, ವಿದ್ಯಾರ್ಥಿಯ ಸಮಸ್ಯೆ, ಕೊಟ್ಟ ಸಲಹೆ, ಇಬ್ಬರ ಸಹಿ.

ದಿನಾಂಕಗಳನ್ನು ಯಾರೋ ಆಗಲೇ ತುಂಬಿಟ್ಟಿದ್ದರು. ಮೂರು ವರ್ಷಕ್ಕೆ 18 ಭೇಟಿ. ಸಲಹೆಯ ಕಾಲಂ ಕೂಡ ತುಂಬಿತ್ತು. 'ಚೆನ್ನಾಗಿ ಓದಲು ತಿಳಿಸಲಾಯಿತು.' 18 ಕಡೆಯೂ ಅದೇ ಸಾಲು. ನಮ್ಮ ಕೆಲಸ ಇಷ್ಟೇ, ಸಮಸ್ಯೆಯ ಕಾಲಂನಲ್ಲಿ 'ನಿಲ್', ಅಂದರೆ ಏನೂ ಇಲ್ಲ, ಅಂತ ಬರೆದು 18 ಸಹಿ ಹಾಕುವುದು. "ಬೇಗ ಬೇಗ ಮಾಡ್ರಮ್ಮ, ನ್ಯಾಕ್‌ನವರು ಬರ್ತಾರೆ, ಫೈಲ್ ಮಾಡ್ಬೇಕು" ಅಂದರು. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ.

ಪೆನ್ನು ಹಿಡಿದು ನಿಂತವಳಿಗೆ ಕೈ ಓಡಲಿಲ್ಲ. ಅದರಲ್ಲಿ ಒಂದು ದಿನಾಂಕ 2023ರ ಡಿಸೆಂಬರ್‌ನದು. ಆಗ ನಾವು ಮೊದಲ ಸೆಮಿಸ್ಟರ್. ನವೆಂಬರ್‌ನಿಂದಲೇ ಅತಿಥಿ ಉಪನ್ಯಾಸಕರು ಕಾಯಂ ಮಾಡಿ ಅಂತ ರಾಜ್ಯದ ತುಂಬ ತರಗತಿ ಬಹಿಷ್ಕಾರ ಮಾಡಿದ್ದರು. ಪಟ್ಟಿಯಲ್ಲಿ ನನ್ನ ಮೆಂಟರ್ ಅಂತ ಇದ್ದವರೂ ಅತಿಥಿ ಉಪನ್ಯಾಸಕರೇ. ಆ ತಿಂಗಳು ಅವರು ಕಾಲೇಜಿಗೇ ಬಂದಿರಲಿಲ್ಲ. ಇಲ್ಲದ ಮನುಷ್ಯ ನನ್ನನ್ನು ಕೂರಿಸಿಕೊಂಡು ಚೆನ್ನಾಗಿ ಓದು ಅಂತ ಹೇಳಿದ್ದಕ್ಕೆ ನಾನು ಸಹಿ ಹಾಕಬೇಕು!

ನಾನು ಶಿಡ್ಲಘಟ್ಟದ ಕಡೆ ಹಳ್ಳಿಯವಳು. ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು ಬಿ.ಎಸ್ಸಿ ಓದುತ್ತಿದ್ದೇನೆ. ಶಕ್ತಿ ಯೋಜನೆ ಶುರುವಾದ 2023ರಲ್ಲೇ ಕಾಲೇಜಿಗೆ ಸೇರಿದ್ದು. ಬಸ್ ಚಾರ್ಜಿನ ಚಿಂತೆ ಇಲ್ಲ ಅಂತಲೇ ಮನೆಯಲ್ಲಿ ಒಪ್ಪಿದರು. ನಮ್ಮ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪನಿಗೆ ರೇಷ್ಮೆ ಹುಳದ ಬಗ್ಗೆ ಗೊತ್ತಿಲ್ಲದ್ದಿಲ್ಲ. ಸೆಮಿಸ್ಟರ್ ಅಂದರೆ ಏನು, ಕ್ರೆಡಿಟ್ ಅಂದರೆ ಏನು, ಮೇಜರ್ ಯಾವುದು ಮೈನರ್ ಯಾವುದು ಅಂತ ಅವರನ್ನು ಕೇಳಿದರೆ ಪಾಪ ಅವರೇನು ಹೇಳಿಯಾರು? ಅದಕ್ಕೇ ಅಲ್ವಾ ಕಾಲೇಜಿನಲ್ಲಿ ಒಬ್ಬರನ್ನು ಮೆಂಟರ್ ಅಂತ ಇಟ್ಟಿರುವುದು?

ಬೇರೆಯವರಾದರೆ ಸೀನಿಯರ್‌ಗಳನ್ನು ಕೇಳಿಕೊಳ್ಳುತ್ತಾರೆ. ನಮಗೆ ಅದೂ ಇರಲಿಲ್ಲ. 2020ರಲ್ಲಿ ಸೇರಿದವರಿಗೆ ಹಳೆಯ ಸಿಬಿಸಿಎಸ್ ಪದ್ಧತಿ. 2021ರಿಂದ ಎನ್ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. 2024ರಲ್ಲಿ ಎನ್ಇಪಿ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಅಂದರು, ಹೊಸಬರಿಗೆ ಬೇರೆಯೇ ಪಠ್ಯಕ್ರಮ. ಐದು ವರ್ಷದೊಳಗೆ ಒಂದೇ ಕಾರಿಡಾರಿನಲ್ಲಿ ಮೂರು ಪದ್ಧತಿ. ನಾವು ಎನ್ಇಪಿಯ ಕೊನೆ ಬ್ಯಾಚ್. ಹೊಸ ಪದ್ಧತಿ ಅಂತ ಮೊದಲು ಸೇರಿದವರಿಗೆ ಒಂದು ಸಭೆಯಾದರೂ ಮಾಡಿದ್ದರಂತೆ. ನಮಗೆ ಅದೂ ಇಲ್ಲ. ನಾಲ್ಕನೇ ವರ್ಷದ ಆನರ್ಸ್ ನಮಗೆ ಇದೆಯಾ ಇಲ್ಲವಾ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು.

ಮೇಜರ್ ಆರಿಸುವ ದಿನ ಆದದ್ದು ಹೇಳುತ್ತೇನೆ. ನಮ್ಮ ಪದ್ಧತಿಯಲ್ಲಿ ಮೊದಲ ಎರಡು ವರ್ಷ ಎರಡು ವಿಷಯವನ್ನು ಸಮನಾಗಿ ಓದಬೇಕು. ನನ್ನದು ಕೆಮಿಸ್ಟ್ರಿ, ಬಾಟನಿ. ಮೂರನೇ ವರ್ಷಕ್ಕೆ ಅದರಲ್ಲಿ ಒಂದನ್ನು ಮೇಜರ್ ಮಾಡಿಕೊಂಡರೆ ಇನ್ನೊಂದು ಮೈನರ್ ಆಗುತ್ತದೆ. ಮುಂದೆ ಏನು ಓದಬೇಕು, ಯಾವ ಕೆಲಸಕ್ಕೆ ಹೋಗಬೇಕು ಅನ್ನುವುದೆಲ್ಲ ಅಲ್ಲಿ ಕವಲೊಡೆಯುತ್ತದೆ. ಇಷ್ಟು ದೊಡ್ಡ ವಿಷಯಕ್ಕೆ ನಮಗೆ ಬಂದದ್ದು ಒಂದು ವಾಟ್ಸಾಪ್ ಮೆಸೇಜ್. 'ನಾಳೆ ನಾಲ್ಕು ಗಂಟೆಯೊಳಗೆ ಮೇಜರ್ ತಿಳಿಸಿ.' ಅಷ್ಟೇ.

ಆ ರಾತ್ರಿ ನಾವು ಹುಡುಗಿಯರು ಗ್ರೂಪಿನಲ್ಲಿ ಹನ್ನೆರಡು ಗಂಟೆವರೆಗೆ ಒಬ್ಬರನ್ನೊಬ್ಬರು ಕೇಳುತ್ತಾ ಕೂತಿದ್ದೆವು. ಗೊತ್ತಿಲ್ಲದವರು ಗೊತ್ತಿಲ್ಲದವರನ್ನೇ ಕೇಳಿದರೆ ಏನು ಸಿಗುತ್ತದೆ? ಯಾರೋ "ಕೆಮಿಸ್ಟ್ರಿ ತಗೊಂಡ್ರೆ ಫಾರ್ಮಾ ಕಂಪನೀಲಿ ಕೆಲಸ ಗ್ಯಾರಂಟಿ" ಅಂದಳು. ಎಲ್ಲರೂ ಕೆಮಿಸ್ಟ್ರಿ ಅಂದೆವು. ಹಿಪ್ಪುನೇರಳೆ ತೋಟದಲ್ಲೇ ಬೆಳೆದವಳು ನಾನು. ಬಾಟನಿ ಹಿಡಿದರೆ ರೇಷ್ಮೆ ಕೃಷಿಯಲ್ಲೇ ಎಂ.ಎಸ್ಸಿ ಮಾಡುವ ದಾರಿ ಇದೆ ಅಂತ ಗೊತ್ತಾಗಿದ್ದು ಆಮೇಲೆ. ಪಿಜಿ ನೋಟಿಫಿಕೇಶನ್‌ಗಳನ್ನು ನಾನೇ ಒಂದೊಂದಾಗಿ ತೆಗೆದು ಓದಿದಾಗ. ಒಂದೊಂದು ಕೋರ್ಸ್‌ಗೆ ಅರ್ಹತೆ ಒಂದೊಂದು ಥರ ಇರುತ್ತದೆ. ಆ ಹಾಳೆಗಳನ್ನು ಮುಂದಿಟ್ಟುಕೊಂಡು ಯಾರಾದರೂ ಹತ್ತು ನಿಮಿಷ ನನ್ನ ಜೊತೆ ಕೂತಿದ್ದರೆ ಸಾಕಿತ್ತು. ಹತ್ತೇ ನಿಮಿಷ.

ಸ್ಕಾಲರ್‌ಶಿಪ್‌ನದೂ ಅದೇ ಕಥೆ. ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೆ, ಮಂಜೂರೂ ಆಗಿತ್ತು, ದುಡ್ಡು ಮಾತ್ರ ಬರಲಿಲ್ಲ. ಆಫೀಸಿನಲ್ಲಿ ಕೇಳಿದರೆ "ಸ್ಟೇಟಸ್ ನೋಡ್ಕೊಳ್ಳಮ್ಮ" ಅನ್ನುತ್ತಿದ್ದರು. ಒಂದು ವರ್ಷ ನೋಡಿಕೊಂಡೆ. ನನ್ನ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಬ್ಯಾಂಕಿನಲ್ಲಿ ಒಂದು ಫಾರಂ ಕೊಟ್ಟಿದ್ದಕ್ಕೆ ಸರಿಹೋಯಿತು. ಇದನ್ನು ಹೇಳಿದ್ದು ಕಾಲೇಜಿನವರಲ್ಲ, ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಅಣ್ಣ.

ಇವೆಲ್ಲ ಹೋಗಲಿ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಜಾಮ್ ಪರೀಕ್ಷೆಯ ವಿಷಯಕ್ಕೆ.

ಹೋದ ಫೆಬ್ರವರಿಯಲ್ಲಿ ಬಸ್ಸಿನಲ್ಲಿ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಬೆಂಗಳೂರಿನಲ್ಲಿ ಬಿ.ಎಸ್ಸಿ ಓದುವವಳು, ಊರಿಗೆ ಬಂದಿದ್ದಳು. ಅವಳೂ ಫೈನಲ್ ಇಯರ್, ಅವಳದೂ ಕೆಮಿಸ್ಟ್ರಿ. ಮಾತಿಗೆ ಮಾತು ಬಂದು "ನೀನು ಜಾಮ್ ಬರೆದ್ಯಾ?" ಅಂತ ಕೇಳಿದಳು. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಐಐಟಿಗಳಲ್ಲಿ ಎಂ.ಎಸ್ಸಿಗೆ ಸೇರಲು ಬರೆಯುವ ಪರೀಕ್ಷೆ ಅದು. 2004ರಿಂದ ನಡೆಯುತ್ತಿದೆಯಂತೆ, ಅಂದರೆ ನಾನು ಹುಟ್ಟುವುದಕ್ಕೆ ಮೊದಲಿನಿಂದ. ಏಳು ವಿಷಯಕ್ಕೆ ಇದೆ, ಕೆಮಿಸ್ಟ್ರಿಯೂ ಒಂದು. ಡಿಗ್ರಿ ಕೊನೇ ವರ್ಷದಲ್ಲಿರುವವರು ಬರೆಯಬಹುದು. ಬೆಂಗಳೂರಿನ ಐಐಎಸ್ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಇದರ ಅಂಕ ನೋಡುತ್ತಾರೆ. ಅದು ನಮ್ಮ ಕಾಲೇಜಿನಿಂದ ಹೆಚ್ಚೆಂದರೆ 60 ಕಿಲೋಮೀಟರ್. ಎರಡು ಗಂಟೆ ದಾರಿ. ಮೂರು ವರ್ಷದಲ್ಲಿ ಒಬ್ಬರ ಬಾಯಲ್ಲೂ ಆ ಮಾತು ಬರಲಿಲ್ಲ.

ಪರೀಕ್ಷೆ ಮೊನ್ನೆ ತಾನೇ ಮುಗಿಯಿತು ಅಂದಳು. ಅರ್ಜಿ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಅಕ್ಟೋಬರ್‌ಗೆ ಮುಗಿದಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ಸೆಪ್ಟೆಂಬರ್ 5ಕ್ಕೆ ನಾವು ಶಿಕ್ಷಕರ ದಿನ ಮಾಡಿದ್ದೆವು. 15ಕ್ಕೆ ಸರ್ ಎಂ.ವಿ. ಜಯಂತಿ. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ತಾಲ್ಲೂಕಿನ ಪಕ್ಕದಲ್ಲೇ. ಫೋಟೋಗೆ ಹಾರ ಹಾಕಿ, ಹಳ್ಳಿ ಹುಡುಗ ಓದಿ ಎಷ್ಟು ಎತ್ತರಕ್ಕೆ ಹೋದರು ಅಂತ ಒಂದು ಗಂಟೆ ಭಾಷಣ ಮಾಡಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಅದೇ ದಿನಗಳಲ್ಲಿ ಅರ್ಜಿ ತೆರೆದಿತ್ತು. ಆ ಭಾಷಣದ ಕೊನೆಯಲ್ಲಿ "ಫೈನಲ್ ಇಯರ್‌ನವರು ಜಾಮ್‌ಗೆ ಅರ್ಜಿ ಹಾಕಿ" ಅಂತ ಒಂದು ಸಾಲು ಸೇರಿಸಲು ಎಷ್ಟು ಹೊತ್ತು ಬೇಕಿತ್ತು? ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿಗೆ ಸೇರಲು ಸಿಯುಇಟಿ ಪಿಜಿ ಅನ್ನುವ ಪರೀಕ್ಷೆ ಬರೆಯಬೇಕಂತೆ. ನಮ್ಮದೇ ಕಲಬುರಗಿಯಲ್ಲಿ ಒಂದಿದೆ. ನನಗೆ ಗೊತ್ತಾಗುವ ಹೊತ್ತಿಗೆ ಅದರ ಅರ್ಜಿಯೂ ಮುಗಿದಿತ್ತು.

ಬರೆದಿದ್ದರೆ ಸೀಟು ಸಿಕ್ಕೇ ಸಿಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಸಿಗದೇ ಹೋದರೆ ನನ್ನ ಓದು ಸಾಲದು ಅಂತ ಒಪ್ಪಿಕೊಳ್ಳುತ್ತಿದ್ದೆ. ಬಾಗಿಲು ಇದೆ ಅಂತಲೇ ಗೊತ್ತಾಗದ ಹಾಗೆ ಆಯಿತಲ್ಲ, ಅದಕ್ಕೆ ಸಿಟ್ಟು.

ಮಾರನೇ ದಿನ ಹೋಗಿ ಡಿಪಾರ್ಟ್‌ಮೆಂಟಿನಲ್ಲಿ ಕೇಳಿದೆ. "ಕೇಳಬೇಕಿತ್ತಲ್ಲಮ್ಮ ನೀನು" ಅಂದರು. ಬೈದು ಹೇಳಲಿಲ್ಲ, ಮೆತ್ತಗೆ, ಅಯ್ಯೋ ಪಾಪ ಅನ್ನುವ ಹಾಗೆ ಹೇಳಿದರು. ಮೇಜರ್ ವಿಷಯಕ್ಕೂ ಇದೇ ಮಾತು ಬಂದಿತ್ತು. ಸ್ಕಾಲರ್‌ಶಿಪ್‌ಗೂ ಇದೇ. ಕೇಳಬೇಕಿತ್ತು, ಕೇಳಬೇಕಿತ್ತು. ಏನಂತ ಕೇಳಲಿ ಸರ್? ಹೆಸರೇ ಗೊತ್ತಿಲ್ಲದ್ದನ್ನು ಯಾವ ಬಾಯಲ್ಲಿ ಕೇಳಲಿ? ಅಪ್ಪ ಅಮ್ಮ ಓದಿದವರ ಮಕ್ಕಳಿಗೆ ಊಟದ ಹೊತ್ತಿನಲ್ಲೇ ಇವೆಲ್ಲ ಕಿವಿಗೆ ಬೀಳುತ್ತವೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಬರುವ ಮಾತು ಇವತ್ತು ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡು ಎಷ್ಟಕ್ಕೆ ಹೋಯಿತು ಅನ್ನುವುದು.

ಹುಳದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಪ್ಪ ಮರಿಹುಳ ಸಾಕಿ ಕೊಡುವ ಚಾಕಿ ಸೆಂಟರ್‌ನಿಂದ ಎರಡನೇ ಜ್ವರ ಎದ್ದ ಹುಳ ತರುತ್ತಾರೆ. ಜ್ವರ ಅಂದರೆ ಹುಳ ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು. ಕೊಟ್ಟವರು ದುಡ್ಡು ಎಣಿಸಿಕೊಂಡು ಅಲ್ಲಿಗೇ ಮರೆಯುವುದಿಲ್ಲ. ನಡುವೆ ಫೋನ್ ಮಾಡುತ್ತಾರೆ. "ಮೂರನೇ ಜ್ವರ ಸರಿಯಾಗಿ ಎದ್ದವಾ? ಸುಣ್ಣ ಹಾಕಿದ್ರಾ? ಎಲ್ಲಾ ಏಳೋವರೆಗೂ ಸೊಪ್ಪು ಕೊಡ್ಬೇಡಿ." ಒಂದು ತಟ್ಟೆಯಲ್ಲಿ ನಾಲ್ಕು ಹುಳ ಹಿಂದೆ ಬಿದ್ದರೂ ಅಮ್ಮನಿಗೆ ಕಾಣುತ್ತದೆ.

ನಮ್ಮ ಕ್ಲಾಸಿನಲ್ಲಿ ಒಬ್ಬಳು ಹಿಂದೆ ಬಿದ್ದಳು. ಯಾರಿಗೂ ಕಾಣಲಿಲ್ಲ. ಮೊದಲ ವರ್ಷ ನನ್ನ ಪಕ್ಕ ಕೂರುತ್ತಿದ್ದಳು, ಬಾಗೇಪಲ್ಲಿ ಕಡೆಯವಳು. ಪಿಯುಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ನೋಟ್ಸ್ ಅರ್ಥವಾಗದೆ ಒದ್ದಾಡುತ್ತಿದ್ದಳು. ಮೊದಲ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಹೋಯಿತು. ಫೇಲಾದರೂ ಮುಂದಿನ ಸೆಮಿಸ್ಟರ್‌ಗೆ ಹೋಗಬಹುದು, ಆ ಪೇಪರ್‌ಗಳನ್ನು ಆಮೇಲೆ ಬರೆದುಕೊಳ್ಳಬಹುದು ಅಂತ ಅವಳಿಗೆ ಗೊತ್ತಿರಲಿಲ್ಲ. ಡಿಗ್ರಿಯೇ ಮುಗಿಯಿತು ಅಂದುಕೊಂಡಳು. ಮನೆಯಲ್ಲಿ ಹೇಳಲು ಹೆದರಿ ಬರುವುದನ್ನೇ ಬಿಟ್ಟಳು. ಈಗ ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ತಿಂಗಳುಗಟ್ಟಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಎ' ಬಿತ್ತು. ದಿನಾ ಹೆಸರು ಕೂಗಿದರು, ದಿನಾ 'ಎ' ಹಾಕಿದರು. ಯಾಕೆ ಬರುತ್ತಿಲ್ಲ ಅಂತ ಒಬ್ಬರೂ ಫೋನ್ ಮಾಡಲಿಲ್ಲ. ಕೊನೆಗೆ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಅವಳಿಗೂ ಒಬ್ಬರು ಮೆಂಟರ್ ಇದ್ದರು, ಪಟ್ಟಿಯಲ್ಲಿ. ನಾನೂ ಒಂದು ಸಲ ಫೋನ್ ಮಾಡಿ ಸುಮ್ಮನಾದೆ, ಆ ನೋವು ನನಗೂ ಇದೆ. ಆದರೆ ನನಗಾದರೂ ಆ ನಿಯಮ ಎಲ್ಲಿ ಗೊತ್ತಿತ್ತು?

ಉಪನ್ಯಾಸಕರೆಲ್ಲ ಕೆಟ್ಟವರು ಅಂತ ಅಲ್ಲ. ನನಗೆ ಮೂರು ವರ್ಷದಲ್ಲಿ ಮೂವರು ಮೆಂಟರ್ ಬದಲಾದರು, ಮೂವರೂ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಮಗೇ ಕೆಲಸ ಇರುತ್ತದಾ ಅಂತ ಅವರಿಗೇ ಗೊತ್ತಿರುವುದಿಲ್ಲ. ಒಬ್ಬರ ಹೆಸರಿಗೆ ಐವತ್ತು ಅರವತ್ತು ಮಕ್ಕಳನ್ನು ಬರೆದುಬಿಟ್ಟರೆ ಅವರು ತಾನೆ ಏನು ಮಾಡುತ್ತಾರೆ? ಆದರೆ ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಒಂದು ಗಂಟೆ ಮೆಂಟರ್‌ಗೆ ಅಂತ ಎತ್ತಿಡಬಹುದಿತ್ತು. ನೋಟಿಸ್ ಬೋರ್ಡಿನಲ್ಲಿ ವರ್ಷದ ಅರ್ಜಿ ದಿನಾಂಕಗಳ ಒಂದು ಹಾಳೆ ಅಂಟಿಸಬಹುದಿತ್ತು. ಇದಕ್ಕೆ ಯಾವ ಅನುದಾನ ಬೇಕು? ನ್ಯಾಕ್‌ನ ಏಳು ಮಾನದಂಡಗಳಲ್ಲಿ ಐದನೆಯದೇ ವಿದ್ಯಾರ್ಥಿಗಳಿಗೆ ಕೊಡುವ ಬೆಂಬಲದ್ದು. ಅದಕ್ಕೆ ಫೈಲ್ ತಯಾರಾಗುತ್ತಿದೆ. ನೀಲಿ ರಟ್ಟು, ಅಚ್ಚು ಹಾಕಿಸಿದ ಪುಟಗಳು. ಅದಕ್ಕೆ ದುಡ್ಡಿತ್ತು, ಹೊತ್ತಿತ್ತು, ಸಾಲಾಗಿ ನಿಲ್ಲಿಸಲು ಜನರೂ ಇದ್ದರು.

ನನ್ನ ಹಿಂದೆ ಮುಂದೆ ಇದ್ದವರೆಲ್ಲ ಸಹಿ ಹಾಕಿ ಹೋದರು. ಅವರನ್ನು ನಾನು ಬೈಯುವುದಿಲ್ಲ, ಹಾಲ್ ಟಿಕೆಟ್ ಇನ್ನೂ ಕೈಗೆ ಬಂದಿಲ್ಲ, ಎಲ್ಲರಿಗೂ ಭಯ ಇದೆ. ನನಗೂ ಇದೆ. ಬಸ್ಸಿಗೆ ಹೊತ್ತಾಯಿತು, ಮನೆಯಲ್ಲಿ ಬರೆದು ತರುತ್ತೇನೆ ಅಂತ ಹೇಳಿ ಪುಸ್ತಕ ತಂದುಬಿಟ್ಟಿದ್ದೇನೆ. ಸೋಮವಾರ ಕೊಡಬೇಕಂತೆ.

ಈಗ ಎದುರಿಗೇ ಇದೆ. ಡಿಸೆಂಬರ್‌ನ ಸಾಲಿನಲ್ಲಿ 'ಮೆಂಟರ್ ಇರಲಿಲ್ಲ' ಅಂತ ಬರೆದಿದ್ದೇನೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಮೇಜರ್ ವಿಷಯ ಬರೆದೆ. ಐದನೆಯದರಲ್ಲಿ ಜಾಮ್. ಎರಡನೇ ಸೆಮಿಸ್ಟರ್ ಪುಟದಲ್ಲಿ ನನ್ನ ಗೆಳತಿ ಕೊನೆಯ ಸಲ ಕ್ಲಾಸಿಗೆ ಬಂದ ದಿನ ಬರೆಯಬೇಕು. ಯಾವ ತಾರೀಖು ಅಂತ ಕೇಳಲು ಈಗಷ್ಟೇ ಅವಳಿಗೆ ಫೋನ್ ಮಾಡಿದೆ. ಶಿಫ್ಟಿನಲ್ಲಿದ್ದಾಳೆ, ರಾತ್ರಿ ಮಾಡ್ತೀನಿ ಅಂದಳು.