ಗ್ರೇಡ್ ಒಂದೇ ಇದ್ದರೂ ಲಾಟ್ ಬೇರೆಯೇ

'ಅದೇ ಕಂಪನಿ, ಅದೇ ಎಫ್‌ಎಫ್‌ಜಿ ಗ್ರೇಡ್. ಹಾಗಾಗಿ ಹೊಸ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಕಪ್ಪು ಮದ್ದಿಗೂ ಹಳೇ ಅಳತೆಯೇ ಸಾಕು' ಎಂಬ ಮಾತು ಬಂದೂಕಿನ ಕಾಟ್ರಿಜ್ (ತೋಟಾ) ತಾವೇ ತುಂಬಿಕೊಳ್ಳುವವರ ನಡುವೆ ಓಡಾಡುತ್ತಿದೆ. ಇದನ್ನು ಪೂರ್ತಿ ನಂಬಬೇಡಿ.

ಗ್ರೇಡ್ ಹೇಳುವುದು ಕಾಳಿನ ಗಾತ್ರವನ್ನು ಮಾತ್ರ. ಸುಮಾರು 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ ಎಂಬ ಲೆಕ್ಕ ಬದಲಾಗದಿದ್ದರೂ, ಇದ್ದಿಲು ಮರದಿಂದ ಬರುವ ವಸ್ತು ಅಲ್ವಾ? ಅದು ಪ್ರತಿ ಸಲ ಒಂದೇ ತರ ಇರುವುದಿಲ್ಲ. ಮದ್ದನ್ನು ಒತ್ತಿದ ಬಿಗಿಯೂ ಸ್ವಲ್ಪ ಬದಲಾಗುತ್ತದೆ. ಉರಿಯುವ ವೇಗ, ಸಾಂದ್ರತೆ ಎರಡೂ ಆಚೀಚೆ ಆಗುತ್ತವೆ.

ತೊಂದರೆ ಜಾಸ್ತಿ ಕಾಣುವುದು ಸಾಂದ್ರತೆಯಲ್ಲಿ. .45-70 ಎಂಬ ರೈಫಲ್ ಕಾಟ್ರಿಜ್‌ನ ಮೂಲ ಲೋಡ್, ಅಂದರೆ ತುಂಬುವ ಮದ್ದು, 70 ಗ್ರೇನ್ (ತೂಕದ ಒಂದು ಅಳತೆ), ಅಂದರೆ ಸುಮಾರು 4.5 ಗ್ರಾಂ. ಹೊಸ ಲಾಟ್ ಹಗುರವಾಗಿದ್ದರೆ ಅದೇ ತೂಕ ಕೇಸಿನಲ್ಲಿ (ಕಾಟ್ರಿಜ್‌ನ ಲೋಹದ ಕೊಳವೆ) ಮೇಲೇರಿ ನಿಲ್ಲುತ್ತದೆ, ಹೆಚ್ಚು ಒತ್ತಬೇಕಾಗುತ್ತದೆ. ದಟ್ಟವಾಗಿದ್ದರೆ ಕೆಳಗೆ ಇಳಿಯುತ್ತದೆ, ಬುಲೆಟ್ ಕೆಳಗೆ ಖಾಲಿ ಜಾಗ ಉಳಿಯಬಹುದು. ಕಪ್ಪು ಮದ್ದಿನಲ್ಲಿ ಆ ಖಾಲಿ ಜಾಗ ಅಪಾಯ. ಬಂದೂಕಿನಲ್ಲಿ ಕಾಟ್ರಿಜ್ ಕೂರುವ ಚೇಂಬರ್ ಉಬ್ಬಿಹೋಗಬಹುದು.

ಅಳತೆಯ ಕಪ್ ಇದ್ದರೆ ಸಾಕು ಎನ್ನುವವರೂ ಇದ್ದಾರೆ. ಆದರೆ ಅದೇ ಕಪ್ ಬೇರೆ ಲಾಟ್‌ನಲ್ಲಿ ಬೇರೆ ತೂಕ ಕೊಡುತ್ತದೆ. ತೂಗಿಯೇ ನೋಡಿ. ಡ್ರಾಪ್ ಟ್ಯೂಬ್‌ನಿಂದ (ಮದ್ದು ಸುರಿಯುವ ಉದ್ದ ಕೊಳವೆ) ಸುರಿದು ಎತ್ತರ ಗಮನಿಸಿ, ಮದ್ದನ್ನು ಒತ್ತುವ ಉಪಕರಣವಾದ ಡೈ ಅದಕ್ಕೆ ತಕ್ಕಂತೆ ಹೊಂದಿಸಿ. ಆಮೇಲೆ ಬುಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಹಳೆಯ ವೇಗಕ್ಕೆ ಹೋಲಿಸಿ, ಒಂದೊಂದೇ ಗ್ರೇನ್ ತಿದ್ದಿ. ಎರಡು ಲಾಟ್ ಬೆರೆಸಿ 'ಸರಾಸರಿ' ಮಾಡುವ ಉಪಾಯ ಸುಮ್ನೆ ಗೊಂದಲ ತರುತ್ತದೆ. ಡಬ್ಬಿಯ ಲಾಟ್ ನಂಬರನ್ನು ಲೋಡ್ ಪುಸ್ತಕದಲ್ಲಿ ಬರೆದಿಡಿ.